ಮಾತು ನಿಂತರೆ ಕಾಲು ನಿಲ್ಲಬೇಕು

ಹಗ್ಗ ಹರಿಯಬಹುದಿತ್ತು. ಹಗ್ಗ ಉಳಿದರೆ ಬಿದಿರು ಮುರಿಯಬಹುದಿತ್ತು. ಎರಡೂ ಗಟ್ಟಿಯಿದ್ದರೆ ನಡುವಿನ ಕಂಬಳಿ, ಇಲಿ ಎಂದೋ ರುಚಿ ನೋಡಿಟ್ಟ ಜಾಗದಲ್ಲಿ, ಪರ್ರೆಂದು ಬಿಟ್ಟುಕೊಳ್ಳಬಹುದಿತ್ತು. ಮುಂದಿನವನ ಕಾಲು ಪಾಚಿಯ ಮೇಲೆ ಜಾರಿ, ಅವನ ಹಿಂದೆ ಜೋಲಿ, ಜೋಲಿಯ ಹಿಂದೆ ನಾನು, ಹೀಗೆ ಸಾಲಾಗಿ ಕೆಳಗಿನ ಹಳ್ಳಕ್ಕೆ ಹೋಗಿ ಸೇರಬಹುದಿತ್ತು. ಘಟ್ಟದ ನೆತ್ತಿಯಲ್ಲಿ ಮಳೆ ಹೊಡೆದು ಹೊಳೆ ಉಕ್ಕಿ, ನಾವು ಈಚೆ ದಡ, ವ್ಯಾನು ಆಚೆ ದಡ ಆಗಬಹುದಿತ್ತು. ಹೆಜ್ಜೇನು ಏಳಬಹುದಿತ್ತು. ಯಾರಾದರೂ ಹಾವು ತುಳಿಯಬಹುದಿತ್ತು. ಹೊರುವವರು ನಡುದಾರಿಯಲ್ಲಿ ಜೋಲಿಯನ್ನು ಇಳಿಸಿ, ‘ನಮ್ಮಿಂದ ಆಗುದಿಲ್ಲ’ ಎಂದು ಬೀಡಿ ಹಚ್ಚಬಹುದಿತ್ತು. ಮುರಿದ ಎಲುಬು ಚರ್ಮ ಸೀಳಿ ಹೊರಗೆ ಬರಬಹುದಿತ್ತು. ನನಗೇ ಎದೆನೋವು ಬರಬಹುದಿತ್ತು. ಆಗ ಇರುವ ಒಂದು ಜೋಲಿಯಲ್ಲಿ ಯಾರನ್ನು ಇಳಿಸುವುದು ಎಂಬ ಪ್ರಶ್ನೆ ಏಳುತ್ತಿತ್ತು, ಅದಕ್ಕೆ ಎಲ್ಲರ ಉತ್ತರವೂ ಒಂದೇ ಆಗಿರುತ್ತಿತ್ತು, ಅದು ನಾನಾಗಿರುತ್ತಿರಲಿಲ್ಲ.

ಇವುಗಳಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದೆಂದು ಆದದ್ದು ಒಂದು ಸಣ್ಣ ಸಂಗತಿ. ಅದು ಕೊನೆಗೆ ಆದದ್ದರಿಂದ ಕೊನೆಗೇ ಹೇಳುತ್ತೇನೆ.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಮೊದಲ ವರ್ಷಗಳು. ನಾನು ಬೆಳ್ತಂಗಡಿ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದೆ. ಯಾವ ಊರಿನ ಕೇಂದ್ರ ಎಂದು ಕೇಳಬೇಡಿ. ಹೆಸರು ದೊಡ್ಡದು, ಕೆಲಸ ಇಷ್ಟು: ಸಿಡುಬಿನ ಲಸಿಕೆ ಚುಚ್ಚುವುದು, ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಸುರಿಯುವುದು, ಸುರಿದದ್ದಕ್ಕೆ ಬೈಸಿಕೊಳ್ಳುವುದು. ವಯಸ್ಸು ನಲವತ್ತೈದು ದಾಟಿತ್ತು. ಹುಟ್ಟಿನಿಂದಲೇ ಹೆದರುವ ಜಾತಿ ನನ್ನದು. ವಾಮದಪದವಿನ ನಮ್ಮ ಮನೆಯಿಂದ ಬಂಟ್ವಾಳಕ್ಕೆ ಬಸ್ಸು ಹತ್ತಿದರೆ, ಬಸ್ಸು ಮಗುಚಿದಾಗ ಯಾವ ಕಿಟಕಿಯಿಂದ ಹೊರಗೆ ಬರುವುದೆಂದು ಮೊದಲು ನೋಡಿಟ್ಟು ಆಮೇಲೆ ಕುಳಿತುಕೊಳ್ಳುವವ.

ಮಳೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ ಮುಂಡಾಜೆಯ ಆಚೆಗಿನ ಬೆಟ್ಟದ ಮೇಲಿಂದ ಒಬ್ಬ ಬಂದ. ಚಾರ್ಮಾಡಿ ರಸ್ತೆಯನ್ನು ಬಿಟ್ಟು, ಗದ್ದೆ ದಾಟಿ, ಹೊಳೆ ದಾಟಿ, ಗೋಡೆಯಂತೆ ನಿಂತ ಕಾಡಿನಲ್ಲಿ ಅರ್ಧ ದಿನ ಹತ್ತಿದರೆ ಅಲ್ಲಿ ನಾಲ್ಕಾರು ಮನೆಗಳು. ಅಲ್ಲಿಗೆ ಹೆರಿಗೆ ಮಾಡಿಸಲು ಹೋಗಿದ್ದ ನಮ್ಮ ನರ್ಸ್‌ಬಾಯಿ ಬಿದ್ದಿದ್ದಾರಂತೆ.

“ತಾಯಿ ಮಗು ಚಂದ ಉಂಟು,” ಎಂದ ಆತ. “ಬಾಯಮ್ಮನ ಬಲಗಾಲು ಮಾತ್ರ ಮೊಣಕಾಲಿನ ಕೆಳಗೆ ಎಲ್ಲಿ ಬೇಕಾದರೂ ಬಗ್ಗುತದೆ.”

ಬಗ್ಗಿಸಿ ನೋಡಿದವರು ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನರ್ಸ್‌ಬಾಯಿ, ಊರವರಿಗೆಲ್ಲ ಬಾಯಮ್ಮ, ಮೂಡುಬಿದಿರೆ ಕಡೆಯ ಕ್ರಿಸ್ತುವರ ಹೆಂಗಸು, ವಿಧವೆ, ನನ್ನಷ್ಟೇ ವಯಸ್ಸು, ನನ್ನ ಎರಡರಷ್ಟು ತೂಕ. ಕಾಲ್ನಡಿಗೆಯಲ್ಲಿ ಊರೂರು ತಿರುಗುವ ಕೆಲಸ. ಕಾಲು ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಅವರಿಗೆ ಬೇರೆ ಗತಿಯಿರಲಿಲ್ಲ. ಅವರು ಬಿದ್ದು ಆಗಲೇ ಒಂದು ರಾತ್ರಿ ಕಳೆದಿತ್ತು. ಮಳೆಯಲ್ಲಿ, ದನದ ಹಟ್ಟಿಯ ಪಕ್ಕದ ಜಗಲಿಯಲ್ಲಿ, ಮುರಿದ ಕಾಲು ಎಷ್ಟು ದಿನ ತಡೆಯುತ್ತದೆ?

ನಾನು ಡಾಕ್ಟರರ ಬಿಡಾರಕ್ಕೆ ಓಡಿದೆ. ಅವರು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದರು. ಸುದ್ದಿ ಹೇಳಿ ಮುಗಿಸುವವರೆಗೂ ತಿಂದರು. ಮೀಸೆಯ ತುದಿಯಲ್ಲಿ ಹಳದಿ ಹತ್ತಿಕೊಂಡಿತ್ತು. ಅವರು ಮಾತಾಡಿದಾಗ ಅದೂ ಅಲುಗಾಡುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

“ಅವಳಿಗೆ ಮೇಲೆ ಹೋಗು ಅಂದವರು ಯಾರು?” ಎಂದರು.

“ತಾವೇ.”

“ಹೆರಿಗೆಗೆ ಹೋಗಬೇಕಾದದ್ದು ಡ್ಯೂಟಿ. ಬೀಳುವುದು ಡ್ಯೂಟಿ ಅಲ್ಲ.” ಇನ್ನೊಂದು ಮೊಟ್ಟೆ ಒಡೆದರು. “ವ್ಯಾನು ಡ್ರೈವರನ ಕೈಲಿ ಬಿಡಲಿಕ್ಕಿಲ್ಲ, ನಾನೇ ತರ್ತೇನೆ. ನಾಳೆ ಸಂಜೆಗೆ ರಸ್ತೆಯಲ್ಲಿರ್ತೇನೆ. ಗದ್ದೆಯಿಂದ ಆಚೆಯದ್ದು ನೀವು ನೋಡಿಕೊಳ್ಳಿ.”

ಮಳೆಗಾಲದ ಮೊದಲು ಇದೇ ಮೇಜಿನ ಎದುರು ನರ್ಸ್‌ಬಾಯಿ ಒಂದು ಜೊತೆ ಬೂಟು ಕೇಳಿದ್ದರು. “ನರ್ಸ್‌ಗಳಿಗೆ ಬೂಟು ಮಂಜೂರಿಲ್ಲ” ಎಂದು ಉತ್ತರ ಬಂದಿತ್ತು. ಇನ್‌ಸ್ಪೆಕ್ಟರಿಗೆ ಮಂಜೂರಿತ್ತು. ನನ್ನ ಕಾಲಿಗೆ ಒಂದು ಅಳತೆ ದೊಡ್ಡ ಸರಕಾರಿ ಬೂಟು ಹಾಕಿಕೊಂಡೇ ನಾನು ಆಗಲೂ ನಿಂತಿದ್ದೆ. ಅವರು ಬೆಟ್ಟ ಹತ್ತಿದ್ದು ಸವೆದ ರಬ್ಬರ್ ಚಪ್ಪಲಿಯಲ್ಲಿ.

ಬೇಕಾದದ್ದು ಹಗ್ಗ, ಬಿದಿರು, ಕಂಬಳಿ, ನಾಲ್ಕು ಹೆಗಲು. ಬಿದಿರು ಕಡಿದರಾಯಿತು, ಕಂಬಳಿ ಸಿಕ್ಕಿತು. ಹಗ್ಗಕ್ಕೆ ಬೆಟ್ಟದ ಬುಡದ ದೊಡ್ಡ ಮನೆಗೆ ಹೋದೆ. ಅವರ ಬಾವಿಗೆ ಹೊಸ ಹಗ್ಗ ಹಾಕಿದ್ದನ್ನು ನೋಡಿದ್ದೆ. ಮನೆಯ ಯಜಮಾನರು ಕುರ್ಚಿಯಿಂದ ಏಳದೆ ಹೇಳಿದರು: “ಅದೊಂದು ಕೇಳಬೇಡಿ ಇನ್‌ಸ್ಪೆಕ್ಟ್ರೇ. ಹೆರಿಗೆ ಮನೆಯಿಂದ ಬರುವ ಹೆಂಗಸು. ಮೈಲಿಗೆ ಆದ ಹಗ್ಗವನ್ನು ಮತ್ತೆ ಬಾವಿಗೆ ಇಳಿಸುವುದು ಹೇಗೆ, ನೀವೇ ಹೇಳಿ.”

ಹಿಂದಿನ ಬೇಸಗೆಯಲ್ಲಿ ಆ ಬಾವಿಯಿಂದ ಒಂದು ಹೆಗ್ಗಣವನ್ನು ನಾನೇ ತೆಗೆಸಿದ್ದೆ. ಅದು ಎಷ್ಟು ಕಾಲದಿಂದ ಅಲ್ಲಿತ್ತೋ, ಮೇಲೆ ಬರುವಾಗ ಕೂದಲು ಒಂದು ಕಡೆ, ಚರ್ಮ ಒಂದು ಕಡೆ ಆಗಿತ್ತು. ಅಷ್ಟು ದಿನವೂ ಇವರು ಆ ನೀರಿನಲ್ಲಿ ಅನ್ನ ಬೇಯಿಸಿದ್ದರು. ಹೆಗ್ಗಣಕ್ಕೆ ಮೈಲಿಗೆ ಇರಲಿಲ್ಲ. ಇದನ್ನು ಹೇಳಲು ನಾಲಗೆ ತುರಿಸಿತು, ಆದರೆ ಹಗ್ಗ ಬೇಕಿತ್ತು, ಬಾಯಿ ಮುಚ್ಚಿಕೊಂಡೆ.

ಕೊನೆಗೆ ಹಟ್ಟಿಯಿಂದ ದನ ಕಟ್ಟುವ ಎರಡು ಹಗ್ಗ ಕೊಟ್ಟರು. ಗಂಜಲದಲ್ಲಿ ನೆನೆದು ನೆನೆದು ಕಪ್ಪಾಗಿದ್ದವು. ಎರಡನ್ನೂ ಸೇರಿಸಿ ಗಂಟು ಹಾಕಿದೆ, ಗಂಟಿನ ಬಾಲಗಳನ್ನು ಮತ್ತೆ ಹಗ್ಗಕ್ಕೇ ಬಿಗಿದು ಕಟ್ಟಿದೆ. ಹಗ್ಗವನ್ನು ಇಡೀ ಉದ್ದಕ್ಕೂ ಬೆರಳ ಸಂದಿಯಲ್ಲಿ ಎಳೆದು, ಎಲ್ಲಿ ಎಳೆ ಸವೆದಿದೆ ಎಂದು ತಡವಿ ನೋಡಿದೆ. ಆಮೇಲೆ ಅಂಗಳದ ಹಲಸಿನ ಕೊಂಬೆಗೆ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಜೋತು ಬಿದ್ದೆ.

ಯಜಮಾನರು ಈಗ ಕುರ್ಚಿಯಿಂದ ಎದ್ದರು. “ಇನ್‌ಸ್ಪೆಕ್ಟ್ರೇ, ಅದೆಲ್ಲ ಮಾಡುವುದಾದರೆ ನಮ್ಮ ಅಂಗಳ ಬೇಡ ಮಾರಾಯ್ರೇ!”

ಹೊರಲು ಸಿಕ್ಕಿದವರು ನಾಲ್ವರು. ಸುದ್ದಿ ತಂದವ ಅವರಲ್ಲೊಬ್ಬ. ಇಬ್ಬರು ಹೊರುವುದು, ಇಬ್ಬರು ಹೆಗಲು ಬದಲಿಸುವುದು ಎಂದು ನಿಶ್ಚಯಿಸಿದೆವು. ಯಾವಾಗಲೂ ತಾನೇ ಮುಂದಿರಬೇಕೆಂದು ಹಠ ಹಿಡಿದವನೊಬ್ಬನಿದ್ದ. ಅವನನ್ನು ಮುಂದಿನ ಹೆಗಲಿನವ ಎನ್ನುತ್ತೇನೆ. ಅವನ ಬಾಯಿಯಲ್ಲಿ ಎಲೆಯಡಿಕೆ ಮುಗಿದದ್ದನ್ನು ನಾನು ನೋಡಲಿಲ್ಲ.

“ಹೆದರಬೇಡಿ. ಎಸ್ಟೇಟಿನ ದೊರೆಯ ಹೆಂಡತಿಯ ಬಾಜಾ ಪೆಟ್ಟಿಗೆ ಇದೇ ಹೆಗಲಿನಲ್ಲಿ ಘಟ್ಟ ಹತ್ತಿಸಿದ್ದೇನೆ. ಒಂದು ಸ್ವರ ಕೆಡಲಿಲ್ಲ,” ಎಂದು ಉಗುಳಿದ. ಗಾಳಿ ನನ್ನ ಕಡೆಗಿತ್ತು.

ಮರುದಿನ ನಸುಕಿನಲ್ಲೇ ಹೊರಟೆವು. ಹೊಗೆಸೊಪ್ಪು, ಸುಣ್ಣ, ಸೀಮೆಎಣ್ಣೆ, ಬಾರ್‌ಸೋಪು ಕಲಸಿ ನಾನೇ ತಯಾರಿಸಿದ ಲೇಪವನ್ನು ಮೊಣಕಾಲಿನವರೆಗೆ ಬಳಿದುಕೊಂಡಿದ್ದೆ. ಜಿಗಣೆಗೆ, ನಮ್ಮಲ್ಲಿ ಇಂಬಳ ಎನ್ನುವ ಆ ಕೊಳಕು ಪ್ರಾಣಿಗೆ, ಅದು ಮದ್ದು ಎಂದು ಕೇಳಿದ್ದೆ. ವಾಸನೆಗೆ ನಾಲ್ವರೂ ನನ್ನಿಂದ ದೂರ ನಡೆದರು. ಇಂಬಳಗಳು ಮಾತ್ರ ದೂರ ಹೋಗಲಿಲ್ಲ. ಎಲೆಯ ತುದಿಯಲ್ಲಿ ನಿಂತು ಗಾಳಿಯಲ್ಲಿ ಮೂತಿ ಆಡಿಸುತ್ತ ಕಾದಿದ್ದವು. ಬೂಟಿನ ಲೇಸಿನ ತೂತಿನಲ್ಲಿ ನೂಲಿನಷ್ಟು ತೆಳ್ಳಗೆ ನುಸುಳಿ, ಒಳಗೆ ದ್ರಾಕ್ಷಿಯಷ್ಟು ದಪ್ಪಗಾದವು. ಹೆಜ್ಜೆ ಇಟ್ಟಾಗ ಬೂಟಿನೊಳಗೆ ಪಚಕ್ಕೆನ್ನುತ್ತಿತ್ತು. ಅದು ಮಳೆ ನೀರೋ, ನನ್ನ ರಕ್ತವೋ, ಅವುಗಳಲ್ಲೊಂದೋ ಎಂದು ಬಿಚ್ಚಿ ನೋಡುವ ಮನಸ್ಸಾಗಲಿಲ್ಲ.

ಹತ್ತುವಾಗ ನನಗೆ ಹತ್ತುವ ಚಿಂತೆಯಿರಲಿಲ್ಲ, ಇಳಿಯುವ ಚಿಂತೆ. ಕಡಿದಾದ ದಾರಿಯನ್ನು ಹತ್ತುವಾಗಲೇ ಇಳಿಯುವವನ ಕಣ್ಣಿನಿಂದ ನೋಡಿಟ್ಟುಕೊಳ್ಳಬೇಕು. ಇಳಿಯುವಾಗ ನೋಡಿದರೆ ತಡವಾಗಿರುತ್ತದೆ. ಆದ್ದರಿಂದ ತಿರುವು ಬಂದಲ್ಲೆಲ್ಲ ಹಿಂದಿರುಗಿ ನಿಂತು ಕೆಳಗೆ ನೋಡಿದೆ. ಹಗ್ಗವನ್ನು ಸುತ್ತಿ ಬಿಡುವಷ್ಟು ಗಟ್ಟಿ ಮರ ಕಂಡಲ್ಲಿ ಬ್ಯಾಂಡೇಜಿನ ಬಿಳಿ ಪಟ್ಟಿ ಕಟ್ಟಿದೆ. ಕೊಳೆತ ಮರಕ್ಕೆ ಕಟ್ಟಲಿಲ್ಲ. ಬೂಟಿನಿಂದ ಒದ್ದು ಶಬ್ದ ಕೇಳಿ ತಿಳಿದುಕೊಂಡೆ. ತೀರಾ ಕೆಟ್ಟ ಜಾಗ ಒಂದು ಹಾಸುಬಂಡೆ. ಒಂದು ಮಗ್ಗುಲು ಕಾಡು, ಇನ್ನೊಂದು ಮಗ್ಗುಲಿಗೆ ಏನೂ ಇಲ್ಲ. ಬಂಡೆಯ ಮೇಲೆ ನೀರು ಹಾಳೆಯಂತೆ ಹರಿಯುತ್ತಿತ್ತು, ಅದರ ಅಡಿಯಲ್ಲಿ ಲೋಳೆ ಲೋಳೆ ಪಾಚಿ. ಬಂಡೆಯ ನೆತ್ತಿಯಲ್ಲಿ ಒಂದು ದೊಡ್ಡ ಹಲಸು, ಅದರ ಬುಡದಲ್ಲಿ ಯಾವುದೋ ದೈವದ ಕಲ್ಲು. ಮರಕ್ಕೆ ಪಟ್ಟಿ ಕಟ್ಟಿದೆ. ನಾಲ್ವರೂ ಕಲ್ಲಿಗೆ ಕೈ ಮುಗಿದರು. ನಾನೂ ಮುಗಿದೆ, ಹೆದರುವವನಿಗೆ ಯಾವುದೂ ಖರ್ಚಲ್ಲ.

ನರ್ಸ್‌ಬಾಯಿ ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಮುಖ ಸುಣ್ಣದಂತಾಗಿತ್ತು, ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

“ಬಂದಿರಾ? ನಾನು ಹೆಣ ಆದ ಮೇಲೆ ಬರ್ತೀರಿ ಅಂತ ಇದ್ದೆ. ಎಂತದು ಈ ನಾತ? ಸಾಯ್ಬಾ, ನನ್ನ ದೇವರೇ! ನೀವಾ?”

“ಇಂಬಳದ ಮದ್ದು.”

“ನಿಮ್ಮ ಕಿವಿಯಲ್ಲಿ ಒಂದು ನೇತಾಡ್ತಾ ಉಂಟು ಇನ್‌ಸ್ಪೆಕ್ಟ್ರೇ. ಅದಕ್ಕೆ ಮದ್ದು ತಿಳಿದ ಹಾಗೆ ಕಾಣುವುದಿಲ್ಲ.”

ಕಾಲು ಊದಿ ನೇರಳೆಯಾಗಿತ್ತು, ಚರ್ಮ ಒಡೆದಿರಲಿಲ್ಲ. ಪಾದದ ಬೆರಳಿನ ಉಗುರು ಒತ್ತಿ ಬಿಟ್ಟೆ. ಬೆಳ್ಳಗಾಗಿ, ನಿಧಾನವಾಗಿ ಕೆಂಪು ಮರಳಿತು. ರಕ್ತ ಓಡುತ್ತಿದೆ ಎಂದರೆ ಕಾಲು ಇನ್ನೂ ಅವರದ್ದೇ. ಅಡಿಕೆ ಹಾಳೆಯನ್ನು ನೆನೆಸಿ ಮೆತ್ತಗಾಗಿಸಿ ಕಾಲಿಗೆ ಸುತ್ತಿ, ಎರಡು ಕಡೆ ಸೀಳಿದ ಬಿದಿರು ಇಟ್ಟು, ತೊಡೆಯಿಂದ ಹಿಮ್ಮಡಿಯವರೆಗೆ ಬ್ಯಾಂಡೇಜು ಬಿಗಿದೆ. ಅವರು ಕಂಬಳಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಒಮ್ಮೆ ಅದನ್ನು ಉಗುಳಿ, “ಬಿಗಿ ಸಾಲದು, ಅಕ್ಕಿ ಮೂಟೆ ಕಟ್ಟುವುದಾ ನೀವು?” ಎಂದು ಮತ್ತೆ ಕಚ್ಚಿಕೊಂಡರು.

ಹೊರಡುವ ಮೊದಲು ನಾನು ಅಂಗಳದಲ್ಲಿ ನಾಲ್ವರನ್ನೂ ನಿಲ್ಲಿಸಿ ಪಾಠ ಹೇಳಿದೆ. ಜೋಲಿಯ ಹಿಂದಿನ ತುದಿಗೆ ಹಗ್ಗ. ಆ ಹಗ್ಗ ಮರವನ್ನು ಒಂದು ಸುತ್ತು ಸುತ್ತಿ ನನ್ನ ಕೈಯಲ್ಲಿ. ನಾನು ಸ್ವಲ್ಪ ಸ್ವಲ್ಪ ಬಿಟ್ಟ ಹಾಗೆ ಅವರು ಇಳಿಯಬೇಕು. ಯಾರಾದರೂ ಜಾರಿದರೆ ಮರ ಹಿಡಿಯುತ್ತದೆ. ಆದರೆ ತಿರುವಿನಲ್ಲಿ ನನಗೆ ಅವರು ಕಾಣುವುದಿಲ್ಲ, ಅವರಿಗೆ ನಾನು ಕಾಣುವುದಿಲ್ಲ. ಅದಕ್ಕೆ ಸೀಟಿ. ತರಬೇತಿಯಲ್ಲಿ ಕೊಟ್ಟ ನಿಕ್ಕಲ್ ಸೀಟಿ ನನ್ನ ಕೊರಳಿನಲ್ಲಿತ್ತು, ನಿಯಮವೂ ತರಬೇತಿಯದ್ದೇ. ಒಂದು ಸಲ ಊದಿದರೆ ನಿಲ್ಲುವುದು. ಎರಡು ಸಲ ಊದಿದರೆ ಹೊರಡುವುದು.

ಅಂಗಳದಲ್ಲಿ ಖಾಲಿ ಜೋಲಿ ಹೊರಿಸಿ ನಡೆಸಿದೆ. ಒಮ್ಮೆ ಊದಿದೆ: ನಿಂತರು. ಎರಡು ಸಲ ಊದಿದೆ: ಹೊರಟರು. ಕವಾಯತಿನ ಪೊಲೀಸರೂ ಅಷ್ಟು ಚಂದ ನಿಲ್ಲುವುದಿಲ್ಲ. ಆ ದಿನ ಮೊದಲ ಬಾರಿಗೆ ನನಗೆ ಧೈರ್ಯ ಬಂತು. ಆಗಲೇ ನಾನು ಜಾಗ್ರತನಾಗಬೇಕಿತ್ತು.

ಬಾಯಮ್ಮನನ್ನು ಕಾಲು ಮುಂದಾಗಿ ಮಲಗಿಸಿ, ಜಾರದಂತೆ ಸೊಂಟಕ್ಕೊಂದು, ಕಂಕುಳಿಗೊಂದು ಪಟ್ಟಿ ಬಿಗಿದೆ. “ಕಾಲು ಮುಂದೆ ಮಾಡಿ ಹೊರುವುದು ಯಾರನ್ನು ಅಂತ ನನಗೆ ಗೊತ್ತುಂಟು,” ಎಂದರು. “ತಲೆ ಮುಂದೆ ಮಾಡಿದರೆ ಇಳಿಜಾರಿನಲ್ಲಿ ನಿಮ್ಮ ರಕ್ತವೆಲ್ಲ ತಲೆಗೆ ಇಳಿಯುತ್ತದೆ,” ಎಂದೆ. “ಕೋಪ ಏರಿಯೇ ಉಂಟು, ಇನ್ನು ರಕ್ತ ಇಳಿದರೆಷ್ಟು!” ಎಂದರು.

ಮೇಲಿನ ಇಳಿಜಾರು ಸರಾಗವಾಗಿ ಕಳೆಯಿತು. ಹಿಮ್ಮಡಿ ಒತ್ತಿ, ಮೊಣಕಾಲು ಬಗ್ಗಿಸಿ, ಹೆಜ್ಜೆಗೊಂದು ಹೆಜ್ಜೆ. ಹಗ್ಗ ಬೇಕಾಗಲಿಲ್ಲ, ಸೀಟಿಯೂ ಬೇಕಾಗಲಿಲ್ಲ. ನಂತರ ಹಾಸುಬಂಡೆ ಬಂತು.

ಹಗ್ಗವನ್ನು ಹಲಸಿಗೆ ಒಂದು ಸುತ್ತು ಹಾಕಿ, ಪಾದ ಬೇರಿಗೆ ಒತ್ತಿ ಕುಳಿತು, ಬಿಡತೊಡಗಿದೆ. ಜೋಲಿ ಬಂಡೆಯ ತಿರುವಿನಲ್ಲಿ ಮರೆಯಾಯಿತು. ಒದ್ದೆ ಹಗ್ಗ ಗಂಜಲ ಉಗುಳುತ್ತ ನನ್ನ ಬೆರಳುಗಳ ನಡುವೆ ಜಾರುತ್ತಿತ್ತು. ಆಗ ಎರಡು ಹಗ್ಗ ಸೇರಿಸಿದ ಆ ಗಂಟು ಬಂತು; ಮರದ ಹತ್ತಿರ ಬೇರಿನ ಸಂದಿಗೆ ಹೋಗಿ ಕಚ್ಚಿಕೊಂಡಿತು. ಬಿಡಿಸಬೇಕಾದರೆ ಹಗ್ಗ ಸಡಿಲವಾಗಬೇಕು; ಸಡಿಲವಾಗಬೇಕಾದರೆ ಅವರು ನಿಲ್ಲಬೇಕು. ಸೀಟಿಯನ್ನು ಬಾಯಿಗಿಟ್ಟು ಒಂದು ಸಲ, ಗಟ್ಟಿಯಾಗಿ ಊದಿದೆ.

ಅವರು ನಿಲ್ಲಲಿಲ್ಲ. ಓಡಿದರು.

ಹಗ್ಗ ತಂತಿಯಂತೆ ಬಿಗಿಯಿತು. ಕೆಳಗಿನಿಂದ ಬಾಯಮ್ಮನ ಚೀರಾಟ, ಯಾರೋ ಮಂಡಿಯೂರಿ ಬಿದ್ದ ಸದ್ದು. ಹಗ್ಗ ಗುಂಯ್‌ಗುಟ್ಟಿತು. ಗಂಟು ಬೇರಿನಲ್ಲಿ ಕಚ್ಚಿಕೊಂಡೇ ಇತ್ತು. ನಾನು ಹಗ್ಗದ ತುದಿಯನ್ನು ಮರಕ್ಕೆ ಬಿಗಿದು, ಬಂಡೆಯ ಮೇಲೆ ಕುಂಡೆ ಊರಿಕೊಂಡು ಜಾರಿ ಕೆಳಗೆ ಹೋದೆ. ಸರಕಾರಿ ಚಡ್ಡಿಯ ಅರ್ಧ ಅಲ್ಲೇ ಉಳಿಯಿತು.

ಜೋಲಿ ಬಂಡೆಯ ಅಂಚಿನಿಂದ ಅರ್ಧ ಹೊರಗೆ ತೂಗುತ್ತಿತ್ತು. ಹಿಂದಿನವ ಮಂಡಿಯೂರಿ, ಎರಡೂ ಕೈಯಲ್ಲಿ ಬಿದಿರನ್ನು ತಬ್ಬಿ ಹಿಡಿದಿದ್ದ. ಬದಲಿಗೆ ಬರುವ ಇಬ್ಬರು ಕಂಬಳಿ ಹಿಡಿದು ಒಳಗೆ ಎಳೆದರು. ಎಲ್ಲರೂ ಉಸಿರು ಬಿಟ್ಟ ಮೇಲೆ ನನಗೆ ಸಿಟ್ಟು ಬಂತು.

“ನಿಲ್ಲಿ ಅಂದರೆ ಓಡುವುದಾ? ಒಂದು ಸಲ ಊದಿದರೆ ಎಂತ ಅಂತ ಹೇಳಿದ್ದೆ?”

ಮುಂದಿನ ಹೆಗಲಿನವ ಎಲೆಯಡಿಕೆಯನ್ನು ಕೆನ್ನೆಯ ಇನ್ನೊಂದು ಬದಿಗೆ ಹಾಕಿದ. “ನಿಲ್ಲಬೇಕು ಅಂತ.”

“ಮತ್ತೆ?”

“ಅದು ಅಂಗಳದಲ್ಲಿ.”

“ಅಂಗಳಕ್ಕೂ ಇಲ್ಲಿಗೂ ಎಂತ ವ್ಯತ್ಯಾಸ?”

ಅವನು ಮೇಲೆ, ಹಲಸಿನ ಬುಡದ ಕಲ್ಲಿನ ಕಡೆ ನೋಡಿದ. “ಈ ಜಾಗದಲ್ಲಿ ಹಿಂದಿನಿಂದ ಒಂದೇ ಸಲ ಕರೆದರೆ ಯಾರು ನಿಲ್ತಾರೆ ಇನ್‌ಸ್ಪೆಕ್ಟ್ರೇ? ನೀವು ನಿಲ್ತೀರಾ?”

ನಾನು ನಿಲ್ಲುವುದಿಲ್ಲ. ನಮ್ಮ ಕಡೆಯಲ್ಲಿ ಹುಟ್ಟಿದ ಯಾರೂ ನಿಲ್ಲುವುದಿಲ್ಲ. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ. ಒಂದೇ ಸಲ ಕರೆದು ಸುಮ್ಮನಾಗುವುದು ಮನುಷ್ಯರಲ್ಲ. ಅದಕ್ಕೆ ಓಗೊಡಬಾರದು, ಹಿಂದೆ ತಿರುಗಬಾರದು, ಕಾಲು ಚುರುಕಾಗಿ ಹಾಕಬೇಕು. ತೊಟ್ಟಿಲಲ್ಲಿ ಕಲಿತ ಪಾಠ ಇದು. ಇವತ್ತಿಗೂ ಸಂಜೆ ಹೊತ್ತು ಹಿತ್ತಿಲಿನಿಂದ ನನ್ನ ಹೆಂಡತಿ ಒಮ್ಮೆ ಕರೆದರೆ ನಾನು ಮಾತಾಡುವುದಿಲ್ಲ. ಮೂರನೆಯ ಸಲಕ್ಕೆ ಓಗೊಡುತ್ತೇನೆ. ಅಷ್ಟರಲ್ಲಿ ಅವಳಿಗೆ ನಿಜವಾಗಿಯೂ ಭೂತ ಹಿಡಿದಿರುತ್ತದೆ. ಇಷ್ಟೆಲ್ಲ ತಿಳಿದ ನಾನು, ಕಾಡಿನ ನಡುವೆ, ದೈವದ ಕಲ್ಲಿನ ಪಕ್ಕದಲ್ಲಿ ನಿಂತು, ಹಿಂದಿನಿಂದ ಒಂಟಿ ಸೀಟಿ ಊದಿದ್ದೆ. ಈ ನಿಯಮ ಬರೆದವರ ಊರಿನಲ್ಲಿ ಇಂಥ ಕಲ್ಲುಗಳಿರಲಿಕ್ಕಿಲ್ಲ. ಆದರೆ ನನ್ನ ಊರಿನಲ್ಲಿ ಇದ್ದವಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಇಂಬಳಕ್ಕಿಂತ ಹೆಚ್ಚು.

“ಮೂರು ಸಲ ಊದಿ,” ಎಂದ ಹಿಂದಿನವ. “ಮೂರು ಸಲ ಊದಿದರೆ ಮನುಷ್ಯರು ಅಂತ ಗೊತ್ತಾಗ್ತದೆ.”

“ಮೂರನೆಯದು ಊದುವಾಗ ನೀವು ಹಳ್ಳದಲ್ಲಿರ್ತೀರಿ.”

“ಅದು ಹೌದು,” ಎಂದು ಅವನೂ ಒಪ್ಪಿದ.

ಹಾಗಾದರೆ ಏನು ಮಾಡುವುದು? ಮೇಲೆ ಮೋಡ ಕಪ್ಪಾಗುತ್ತಿತ್ತು. ಕೆಳಗೆ ಹೊಳೆ. ಮುಂದೆ ಇನ್ನೂ ಬಂಡೆ. ಇಷ್ಟು ಹೊತ್ತೂ ಕಿವಿಯ ಪಕ್ಕದಲ್ಲಿ ಏನೋ ಎಡೆಬಿಡದೆ ಸುರಿಯುತ್ತಿತ್ತು, ಮಳೆಯೆಂದುಕೊಂಡಿದ್ದೆ, ಅದು ನರ್ಸ್‌ಬಾಯಿ. ನಮ್ಮನ್ನು ಬೈಯುತ್ತಿದ್ದರು. ಚೀರಾಟ ಮುಗಿದಲ್ಲಿಂದ ಶುರು ಮಾಡಿದವರು ಒಂದು ಉಸಿರೂ ಬಿಟ್ಟಿರಲಿಲ್ಲ. ಕನ್ನಡ, ತುಳು, ಕೊಂಕಣಿ ಮೂರರಲ್ಲೂ ಬೈದು, ಈಗ ಎರಡನೆಯ ಸುತ್ತಿನಲ್ಲಿದ್ದರು.

ನಾನು ಸೀಟಿಯನ್ನು ಕೊರಳಿನಿಂದ ತೆಗೆದು ಕಿಸೆಗೆ ಹಾಕಿದೆ.

“ಕೇಳಿ,” ಎಂದೆ. “ಇನ್ನು ಯಾರೂ ಯಾರನ್ನೂ ಕರೆಯುವುದಿಲ್ಲ. ಬಾಯಮ್ಮ ಮಾತಾಡ್ತಾ ಇರ್ತಾರೆ. ಮಾತು ನಡೆದಷ್ಟು ಹೊತ್ತು ನೀವೂ ನಡೆಯಿರಿ. ಮಾತು ನಿಂತರೆ ಕಾಲು ನಿಲ್ಲಬೇಕು. ಹೆಜ್ಜೆ ಎತ್ತಿದ್ದರೆ ಅಲ್ಲೇ ಊರಬೇಕು.” ಬಾಯಮ್ಮನ ಕಡೆ ತಿರುಗಿದೆ. “ಹಗ್ಗ ನಿಮ್ಮ ತಲೆಯ ಹತ್ತಿರವೇ ಬಿದಿರಿಗೆ ಕಟ್ಟಿದ್ದು. ಅದರ ಮೇಲೆ ಕೈ ಇಟ್ಟುಕೊಳ್ಳಿ. ನಾನು ಮೇಲಿಂದ ಅಲುಗಿಸಿದ ಕೂಡಲೇ ಬಾಯಿ ಮುಚ್ಚಿ. ಮತ್ತೆ ಅಲುಗಿಸಿದರೆ ಶುರು ಮಾಡಿ.”

ಇದರಲ್ಲಿ ಇನ್ನೊಂದು ಅನುಕೂಲವೂ ಇತ್ತು. ಸೀಟಿ ಕೆಟ್ಟರೆ ಯಾರಿಗೂ ತಿಳಿಯುವುದಿಲ್ಲ, ನಡೆಯುತ್ತಲೇ ಇರುತ್ತಾರೆ. ಮಾತು ಕೆಟ್ಟರೆ ಎಲ್ಲರೂ ತಾವಾಗಿಯೇ ನಿಲ್ಲುತ್ತಾರೆ. ನನ್ನ ಜಾತಿಯ ಹೆದರುಪುಕ್ಕರಿಗೆ ಇದಕ್ಕಿಂತ ಹಿತವಾದ ವ್ಯವಸ್ಥೆ ಇಲ್ಲ.

“ಕೆಳಗೆ ಮುಟ್ಟುವವರೆಗೆ ನಾನು ಮಾತಾಡಬೇಕಾ?” ಎಂದರು ಬಾಯಮ್ಮ. “ಎಂತ ಅಂತ ಮಾತಾಡುವುದು?”

“ನಿಮಗೂ ಮಾತಿಗೆ ಬರಗಾಲವಾ ಬಾಯಮ್ಮ?” ಎಂದ ಮುಂದಿನ ಹೆಗಲಿನವ.

ನಾನು ಮತ್ತೆ ಮೇಲೆ ಹತ್ತಿ ಬೇರಿನಿಂದ ಗಂಟು ಬಿಡಿಸಿದೆ. ಮೊದಲು ಅವರು ಜಪಮಾಲೆ ಹೇಳಿದರು. ಅದು ನಡೆಯಲಿಲ್ಲ. ಪ್ರತಿಯೊಂದು ಆಮೆನ್‌ಗೆ ಉಸಿರು ತೆಗೆದುಕೊಳ್ಳುವಾಗ ನಾಲ್ವರೂ ಗಕ್ಕನೆ ನಿಂತುಬಿಡುತ್ತಿದ್ದರು. “ಪ್ರಾರ್ಥನೆಯಲ್ಲಿ ತುಂಬ ನಿಲುಗಡೆ ಉಂಟು, ನಿಲ್ಲದ್ದು ಯಾವುದಾದರೂ ಹೇಳಿ,” ಎಂದು ಹಿಂದಿನವ ಬೇಡಿಕೊಂಡ.

“ಹಾಗಾದರೆ ಡಾಕ್ಟರಿಗೆ ಹೇಳಲಿಕ್ಕಿರುವುದನ್ನು ಹೇಳ್ತೇನೆ,” ಎಂದರು ಬಾಯಮ್ಮ. “ಕೆಳಗೆ ಹೋಗಿ ಹೇಳಲೇಬೇಕು. ಅಭ್ಯಾಸವೂ ಆಗ್ತದೆ.”

ಅದಕ್ಕೆ ನಿಲುಗಡೆ ಇರಲಿಲ್ಲ.

“ಡಾಕ್ಟ್ರೇ, ಜಡಿಮಳೆಯಲ್ಲಿ ಹೆಂಗಸೊಬ್ಬಳನ್ನು ಗುಡ್ಡ ಹತ್ತು ಅಂತ ಕಳಿಸ್ತೀರಿ, ಜೊತೆಗೆ ಒಂದು ಆಳಿಲ್ಲ, ಟಾರ್ಚಿಗೆ ಸೆಲ್ಲಿಲ್ಲ, ಬೂಟು ಕೇಳಿದರೆ ನರ್ಸ್‌ಗಳಿಗೆ ಮಂಜೂರಿಲ್ಲ ಅಂತೀರಿ, ನಿಮ್ಮ ಕಾಲಿಗೆ ಮಾತ್ರ ಮುಖ ಕಾಣುವ ಬೂಟು, ನೀವು ಬೆಟ್ಟ ಹತ್ತಿದ್ದು ಯಾವಾಗ, ನಿಮ್ಮ ಬಿಡಾರದ ಮೆಟ್ಟಿಲು ಬಿಟ್ಟು? ನನ್ನ ಸೀರೆ ಹರಿದು ಹೋದದ್ದು, ನನ್ನ ಕಾಲು ಮುರಿದದ್ದು, ಯಾರ ಮನೆ ಕೆಲಸಕ್ಕೆ ಡಾಕ್ಟ್ರೇ, ನಿಮ್ಮ ಅಜ್ಜಿಯ ಹೆರಿಗೆಗಾ?”

ಇಷ್ಟು ಹೇಳಿ ಮುಗಿಯುವಾಗ ಜೋಲಿ ನಾಲ್ಕು ಹೆಜ್ಜೆ ಇಳಿದಿರುತ್ತಿತ್ತು. ಮತ್ತೆ ಮೊದಲಿನಿಂದ. ನಾನು ಹಗ್ಗ ಅಲುಗಿಸಿದರೆ ‘ಬೂಟು ಕೇಳಿದರೆ’ ಎಂಬಲ್ಲಿ ಬಾಯಿ ಮುಚ್ಚುತ್ತಿತ್ತು; ಜೋಲಿ ನಿಲ್ಲುತ್ತಿತ್ತು; ನಾನು ಮುಂದಿನ ಬಿಳಿ ಪಟ್ಟಿಯ ಮರಕ್ಕೆ ಹಗ್ಗ ಬದಲಿಸಿ, ಅಲುಗಿಸಿದರೆ ‘ನರ್ಸ್‌ಗಳಿಗೆ ಮಂಜೂರಿಲ್ಲ’ ಎಂದು ಅದೇ ಜಾಗದಿಂದ ಹೊರಡುತ್ತಿತ್ತು. ನಿಂತಲ್ಲೆಲ್ಲ ಬೆರಳಿನ ಉಗುರು ಒತ್ತಿ ನೋಡಿದೆ, ಕೆಂಪು ಮರಳುತ್ತಿತ್ತು. ಕುತ್ತಿಗೆಯ ಇಂಬಳಗಳನ್ನು ಕಿತ್ತು ಎಸೆದೆ. ಒಮ್ಮೆ ಅವರ ರೆಪ್ಪೆಯ ಮೇಲೊಂದು ಕುಳಿತು ಕುಡಿಯುತ್ತಿತ್ತು. ತೆಗೆಯಲು ಕೈ ಚಾಚಿದೆ. ಅವರು ಕಣ್ಣು ಮುಚ್ಚಿಕೊಂಡೇ ಅಂದರು, “ಅದು ಕುಡಿಯಲಿ ಬಿಡಿ. ಕೆಲವರ ಹಾಗಲ್ಲ, ಕುಡಿದದ್ದು ತೋರಿಸ್ತದಲ್ಲ ಅದು, ಮರ್ಯಾದೆ ಉಂಟು.”

ಹಾಸುಬಂಡೆ ಮುಗಿಯಿತು. ಕಾಡು ಮುಗಿಯಿತು. ಹೊಳೆ ಸೊಂಟ ಮುಟ್ಟಿತ್ತು, ಮುಳುಗಿಸಲಿಲ್ಲ. ನೀರಿನ ನಡುವೆ ಮಾತು ಕೇಳಲೆಂದು ಬಾಯಮ್ಮ ಕೂಗಿದರು, ಆಚೆ ದಡದವರೆಗೂ ಗಂಟಲು ಕಿತ್ತುಬರುವ ಹಾಗೆ ಕೂಗಿದರು. ದಡ ಹತ್ತುವಾಗ ದನಿ ಒಡೆದಿತ್ತು. ಗದ್ದೆಗೆ ಇಳಿಯುವಾಗ ಅದು ಬರಿಯ ಗಾಳಿಯಾಯಿತು. ಗದ್ದೆಯ ನಡುವಿನ ಬದುವಿನ ಮೇಲೆ ಗಾಳಿಯೂ ನಿಂತಿತು.

ಜೋಲಿಯೂ ನಿಂತಿತು.

ಸತ್ತೇ ಹೋದರೆಂದು ನಾನು ಹಿಂದಿನಿಂದ ಓಡಿದೆ. ಸತ್ತಿರಲಿಲ್ಲ. ಬಾಯಿ ಆಡುತ್ತಿತ್ತು, ಕೈ ಬದುವಿನ ತುದಿಯನ್ನು ತೋರಿಸುತ್ತಿತ್ತು. ಅಲ್ಲಿ ಡಾಕ್ಟರರು ನಿಂತಿದ್ದರು. ಹಿಂದೆ ರಸ್ತೆಯಲ್ಲಿ ವ್ಯಾನು. ಕೆಸರು ತಾಗದಂತೆ ಪ್ಯಾಂಟನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಮುಖ ಕಾಣುವ ಬೂಟಿನಲ್ಲಿ ಬದುವಿನ ನಟ್ಟನಡುವೆ ನಾಲ್ಕು ಹೆಜ್ಜೆ ಬಂದು ನಿಂತಿದ್ದರು. ಒಬ್ಬರೇ ನಡೆಯುವಷ್ಟು ಅಗಲದ ಬದು. ಅವರು ಸರಿಯದೆ ಯಾರೂ ದಾಟುವಂತಿರಲಿಲ್ಲ.

“ಏನೂ ತೊಂದರೆ ಆಗಲಿಲ್ಲವಲ್ಲ?” ಎಂದರು.

ನರ್ಸ್‌ಬಾಯಿ ಬಾಯಿ ತೆರೆದರು. ಬೆಟ್ಟದ ನೆತ್ತಿಯಿಂದ ಕಟ್ಟಿ ತಂದದ್ದು ಅಷ್ಟೂ ಅಲ್ಲಿತ್ತು, ನಾವೆಲ್ಲ ಕಂಡೆವು. ದನಿ ಮಾತ್ರ ಬರಲಿಲ್ಲ. ಕಣ್ಣಿನಿಂದ ನೀರು ಬಂತು. ಕಾಲು ಕಟ್ಟುವಾಗಲೂ ಅವರು ಅತ್ತಿರಲಿಲ್ಲ.

“ಭೇಷ್,” ಎಂದರು ಡಾಕ್ಟರರು. “ದೂರು ಇಲ್ಲ ಅಂತಾಯಿತು.”

ಅವರ ಮೀಸೆ ಆ ದಿನ ಸ್ವಚ್ಛವಾಗಿತ್ತು. ನನಗೆ ಮಾತ್ರ ಅದರಲ್ಲಿ ಹಳದಿ ಕಾಣಿಸಿತು. ಹೊಟ್ಟೆಯಿಂದ ಏನೋ ಮೇಲೆ ಬಂತು. ವಾಂತಿಯೆಂದುಕೊಂಡು ಬಾಯಿ ತೆರೆದೆ. ಬಂದದ್ದು ಮಾತು.

“ಡಾಕ್ಟ್ರೇ, ಜಡಿಮಳೆಯಲ್ಲಿ ಹೆಂಗಸೊಬ್ಬಳನ್ನು ಗುಡ್ಡ ಹತ್ತು ಅಂತ ಕಳಿಸ್ತೀರಿ, ಜೊತೆಗೆ ಒಂದು ಆಳಿಲ್ಲ, ಟಾರ್ಚಿಗೆ ಸೆಲ್ಲಿಲ್ಲ—”

ಬಾಯಿಪಾಠವಾಗಿತ್ತಲ್ಲ, ನಿಲ್ಲಿಸಲು ನನಗೇ ಆಗಲಿಲ್ಲ. ಮಾತು ಶುರುವಾದ ಕೂಡಲೇ ಮುಂದಿನ ಹೆಗಲಿನವ ಕಾಲೆತ್ತಿದ. ನಿಯಮ ನಿಯಮವೇ. ಜೋಲಿ ಬದುವಿನ ಮೇಲೆ ನೇರವಾಗಿ ಡಾಕ್ಟರರ ಕಡೆಗೆ ನಡೆಯಿತು.

“ಬೂಟು ಕೇಳಿದರೆ ನರ್ಸ್‌ಗಳಿಗೆ ಮಂಜೂರಿಲ್ಲ ಅಂತೀರಿ, ನನ್ನ ಸೀರೆ ಹರಿದು ಹೋದದ್ದು—”

“ಯಾರ ಸೀರೆ?” ಎಂದರು ಡಾಕ್ಟರರು. “ಏ, ನಿಲ್ಲಿ, ನಿಲ್ಲಿಸು!”

“ಇನ್‌ಸ್ಪೆಕ್ಟ್ರು ಮಾತಾಡ್ತಾ ಇದ್ದಾರಲ್ಲ ಸ್ವಾಮಿ,” ಎಂದ ಮುಂದಿನ ಹೆಗಲಿನವ, ನಡೆಯುತ್ತಲೇ. “ನಿಲ್ಲುವ ಹಾಗಿಲ್ಲ.”

ಬಿದಿರಿನ ತುದಿ ಎದೆಗೆ ತಾಗುವ ಮೊದಲು ಡಾಕ್ಟರರು ಪಕ್ಕಕ್ಕೆ ಹಾರಿದರು. ಗದ್ದೆ ಅವರನ್ನು ಮೊಣಕಾಲಿನವರೆಗೆ ತೆಗೆದುಕೊಂಡಿತು. ‘ನಿಮ್ಮ ಅಜ್ಜಿಯ ಹೆರಿಗೆಗಾ’ ಎಂಬಲ್ಲಿಗೆ ನಾವು ವ್ಯಾನಿನ ಬಾಗಿಲಿನಲ್ಲಿದ್ದೆವು.

ಬಾಯಮ್ಮನ ಕಾಲು ಉಳಿಯಿತು. ಮಂಗಳೂರಿನಲ್ಲಿ ಎಲುಬು ಕೂರಿಸಿದರು. ಮುಂದಿನ ಮಳೆಗಾಲಕ್ಕೆ ಸ್ವಲ್ಪ ಕುಂಟುತ್ತ ಕೆಲಸಕ್ಕೆ ಬಂದರು. ದನಿ ಅದಕ್ಕೂ ಬಹಳ ಮೊದಲೇ ಬಂದಿತ್ತು. ನನ್ನನ್ನು ಬೇರೆ ಕಡೆಗೆ ವರ್ಗ ಮಾಡಿದರು. ಹೆದರಿದಷ್ಟು ದೂರಕ್ಕಲ್ಲ, ಕೊಕ್ಕಡಕ್ಕೆ.

ಕೆಟ್ಟದ್ದೆಂದು ಆದದ್ದು ಇಷ್ಟು: ಡಾಕ್ಟರರನ್ನು ಗದ್ದೆಯಿಂದ ಎಳೆದಾಗ ಅವರು ಬಂದರು, ಎಡಗಾಲಿನ ಬೂಟು ಬರಲಿಲ್ಲ. ಕೆಸರಿನಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು, ಅಷ್ಟೆ.

ಮುಂದಿನ ಹೆಗಲಿನವ ಆ ಜಾಗವನ್ನು ಸ್ವಲ್ಪ ಹೊತ್ತು ನೋಡಿ, ವ್ಯಾನಿನೊಳಗೆ ತಲೆ ಹಾಕಿದ.

“ಬಾಯಮ್ಮ, ಒಂದು ಬೂಟು ಮಂಜೂರಾಯಿತು. ಎಡಗಾಲಿನದ್ದು. ಸದ್ಯಕ್ಕೆ ನಿಮಗೆ ಅದು ಸಾಕಲ್ಲ?”